ಹೆಸರಿಲ್ಲದ ಹುಡುಗನ ಅರ್ಜಿ: ಮಕ್ಕಳ ಚರಿತ್ರೆ ಪುಸ್ತಕಗಳನ್ನು ಕುರಿತು

ಚರಿತ್ರೆ ಎಂದೊಡನೆ ನಮ್ಮ ಭಾಗದ ಮಕ್ಕಳಿಗೆ ಮೊದಲು ನೆನಪಾಗುವುದು ಐಹೊಳೆ. ಅಲ್ಲಿಯ ಮೇಗುತಿ ಗುಡಿಯ ಗೋಡೆಯಲ್ಲಿ ಕ್ರಿ.ಶ. 634ರ ರವಿಕೀರ್ತಿಯ ಶಾಸನವಿದೆ. ಇಮ್ಮಡಿ ಪುಲಕೇಶಿಯು ಹರ್ಷವರ್ಧನನನ್ನು ಸೋಲಿಸಿದ ಸಂಗತಿ ಅದರಲ್ಲಿದೆ. ಹುಚ್ಚಪ್ಪಯ್ಯನ ಗುಡಿಯಲ್ಲಿ ನರಸೊಬ್ಬನೆಂಬ ಶಿಲ್ಪಿಯನ್ನು ಕೊಂಡಾಡಿದ ಬರಹವಿದೆ. ಅರಸನ ಹೆಸರು ಉಳಿಯಿತು, ಕವಿಯ ಹೆಸರು ಉಳಿಯಿತು, ಶಿಲ್ಪಿಯೊಬ್ಬನ ಹೆಸರೂ ಉಳಿಯಿತು. ಹಾಗಾದರೆ ಕಲ್ಲು ಹೊತ್ತವರ ಹೆಸರೆಲ್ಲಿ? ಅಮೀನಗಡದ ತರಗತಿಯಲ್ಲಿ ಈ ಪ್ರಶ್ನೆಯನ್ನು ವರ್ಷಕ್ಕೊಬ್ಬ ವಿದ್ಯಾರ್ಥಿಯಾದರೂ ಕೇಳುತ್ತಿದ್ದುದು ನನ್ನ ಶಿಷ್ಯರಿಗೆ ನೆನಪಿರಬಹುದು. ಇಂಥ ಪ್ರಶ್ನೆಯನ್ನು ಬೆಳೆಸುವ ಪುಸ್ತಕಗಳು ನಮ್ಮ ಮಕ್ಕಳಿಗೆ ಬೇಕು ಎಂಬುದೇ ಈ ಲೇಖನದ ವಿಷಯ.

ಕನ್ನಡದಲ್ಲಿ ಕಿರಿಯರಿಗಾಗಿ ಕಥೆ-ಪದ್ಯಗಳಲ್ಲದ ಜ್ಞಾನಸಾಹಿತ್ಯಕ್ಕೆ ಬಡತನವಿಲ್ಲ. ಡಾ. ಶಿವರಾಮ ಕಾರಂತರು 1936ರಷ್ಟು ಹಿಂದೆಯೇ ಮೂರು ಸಂಪುಟಗಳ 'ಬಾಲ ಪ್ರಪಂಚ'ವನ್ನು ಹೊರತಂದರು. 1970ರ ದಶಕದಲ್ಲಿ ನಿರಂಜನರು ಸಂಪಾದಿಸಿದ 'ಜ್ಞಾನಗಂಗೋತ್ರಿ' ಎಂಬ ಕಿರಿಯರ ವಿಶ್ವಕೋಶ ಏಳು ಸಂಪುಟಗಳಲ್ಲಿ ಬಂದಿತು. ಅದೇ ದಶಕದಲ್ಲಿ ಬೆಂಗಳೂರಿನ ರಾಷ್ಟ್ರೋತ್ಥಾನ ಪರಿಷತ್ತು ಪ್ರೊ. ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ 'ಭಾರತ-ಭಾರತಿ' ಮಾಲೆಯನ್ನು ಆರಂಭಿಸಿ 510 ಕಿರುಹೊತ್ತಿಗೆಗಳನ್ನು ಪ್ರಕಟಿಸಿತು. ಶಾಲೆಯ ಬಹುಮಾನವಾಗಿ ಅವು ಎಷ್ಟೋ ಮನೆಗಳನ್ನು ಸೇರಿದವು. ಈ ಹಿರಿಯರ ಋಣ ದೊಡ್ಡದು.

ಆದರೆ ಮಕ್ಕಳ ಕೈಗೆ ಹೆಚ್ಚಾಗಿ ಸಿಗುವ ಚರಿತ್ರೆ ಪುಸ್ತಕಗಳು ಮಹಾಪುರುಷರ ಜೀವನಚರಿತ್ರೆಗಳೇ. ಬಸವಣ್ಣನವರನ್ನು, ಫುಲೆ ದಂಪತಿಗಳನ್ನು, ಅಂಬೇಡ್ಕರರನ್ನು ಮಕ್ಕಳು ಅರಿಯಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಇವನ್ನಷ್ಟೇ ಓದಿದ ಮಗುವಿಗೆ ಮಾತ್ರ ನ್ಯಾಯವೆಂಬುದು ದೊಡ್ಡವರು ಕೊಡುವ ದಾನವೆಂದು ತೋರುವ ಅಪಾಯವಿದೆ. ಬಾಗಿಲು ತಟ್ಟಿದ ಸಾಮಾನ್ಯರ ಕಥೆಯೂ ಅದರ ಪಕ್ಕದಲ್ಲಿರಬೇಕು. ಅಂಥದೊಂದು ಕಥೆ ನಮ್ಮ ನೆರೆಯ ಧಾರವಾಡದಲ್ಲಿಯೇ ನಡೆದಿದೆ.

ಆಗ ಧಾರವಾಡವೂ ನಮ್ಮ ಈ ಸೀಮೆಯೂ ಮುಂಬೈ ಇಲಾಖೆಗೆ ಸೇರಿದ್ದವು. 1856ರ ಜೂನ್ ತಿಂಗಳಿನಲ್ಲಿ ಮಹಾರ ಸಮುದಾಯದ ಹುಡುಗನೊಬ್ಬನ ಪರವಾಗಿ ಮುಂಬೈ ಸರ್ಕಾರಕ್ಕೆ ಒಂದು ಅರ್ಜಿ ಹೋಯಿತು. ರೂಢಿಯ ಶುಲ್ಕ ಕೊಡಲು ಸಿದ್ಧನಿದ್ದರೂ ಧಾರವಾಡದ ಸರ್ಕಾರಿ ಶಾಲೆಯಲ್ಲಿ ಅವನಿಗೆ ಪ್ರವೇಶ ನಿರಾಕರಿಸಲಾಗಿದೆ ಎಂಬುದು ಅದರ ಸಾರ. ಅವನು ಕೇಳಿದ್ದು ಶುಲ್ಕದ ರಿಯಾಯಿತಿಯನ್ನಲ್ಲ, ಅನ್ನ-ಬಟ್ಟೆಯನ್ನಲ್ಲ. ಕೂತು ಕಲಿಯಲು ಒಂದು ಜಾಗವನ್ನು ಮಾತ್ರ.

ಅದೇ ವರ್ಷದ ಜುಲೈ 21ರಂದು ಸರ್ಕಾರ ತನ್ನ ನಿರ್ಣಯ ನೀಡಿತು. ತತ್ತ್ವದ ಮಟ್ಟಿಗೆ ನ್ಯಾಯ ಅರ್ಜಿದಾರನ ಕಡೆಗಿದೆ ಎಂದು ಅದು ಒಪ್ಪಿಕೊಂಡಿತು. ಆದರೆ ಒಬ್ಬಿಬ್ಬರಿಗಾಗಿ ಶತಮಾನಗಳ ಪೂರ್ವಗ್ರಹಕ್ಕೆ ಒಮ್ಮೆಲೇ ಕೈ ಹಾಕಿದರೆ ಒಟ್ಟು ಶಿಕ್ಷಣಕ್ಕೇ ಹಾನಿಯಾದೀತೆಂದು ಹೇಳಿ ಹಿಂದೆ ಸರಿಯಿತು. ನ್ಯಾಯ ನಿನ್ನದೇ, ಆದರೆ ಬಾಗಿಲು ತೆರೆಯಲಾರೆವು ಎಂಬಂತಾಯಿತು.

ವಿಷಯ ಅಲ್ಲಿಗೇ ನಿಲ್ಲಲಿಲ್ಲ. 1857ರ ಜನವರಿಯಲ್ಲಿ ಭಾರತ ಸರ್ಕಾರವು ಬರೆದ ಪತ್ರದಲ್ಲಿ, ಮುಂಬೈ ಸರ್ಕಾರ ನಡೆದುಕೊಂಡದ್ದು ವಿವೇಕವೇ ಇರಬಹುದು, ಆದರೆ ಬಂಗಾಳ ಇಲಾಖೆಯ ಯಾವ ಸರ್ಕಾರಿ ಶಾಲೆಯೂ ಆ ಹುಡುಗನನ್ನು ಹೊರಗಿಡುತ್ತಿರಲಿಲ್ಲ ಎಂಬ ಅಭಿಪ್ರಾಯವಿತ್ತು. 1858ರ ಏಪ್ರಿಲ್ 28ರಂದು ಲಂಡನ್ನಿನ ಕಂಪನಿ ನಿರ್ದೇಶಕರು ಸರ್ಕಾರಿ ವಿದ್ಯಾಸಂಸ್ಥೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕೆಂದು ಬರೆದರು. 1882ರ ಹಂಟರ್ ಆಯೋಗವೂ ಆ ತತ್ತ್ವವನ್ನು ಎತ್ತಿಹಿಡಿಯಿತು. ಆದರೂ ಕಾಗದದ ಮೇಲಿನ ಮಾತು ಶಾಲೆಯ ಹೊಸ್ತಿಲು ದಾಟಲು ಬಹುಕಾಲ ಹಿಡಿಯಿತು. ಶಾಲೆ, ಬಾವಿ, ಧರ್ಮಶಾಲೆಗಳನ್ನು ಅಸ್ಪೃಶ್ಯರಿಗೆ ತೆರೆಯಬೇಕೆಂಬ ಎಸ್.ಕೆ. ಬೋಲೆಯವರ ಠರಾವನ್ನು ಮುಂಬೈ ಶಾಸನಸಭೆ 1923ರಲ್ಲಿ ಅಂಗೀಕರಿಸಬೇಕಾಗಿ ಬಂದುದೇ ಇದಕ್ಕೆ ಸಾಕ್ಷಿ. 1928ರಲ್ಲಿ ಸೈಮನ್ ಆಯೋಗಕ್ಕೆ ದಲಿತರ ಶಿಕ್ಷಣದ ಸ್ಥಿತಿಯನ್ನು ನಿವೇದಿಸುವಾಗ ಡಾ. ಅಂಬೇಡ್ಕರರು ಈ ಧಾರವಾಡದ ಪ್ರಕರಣವನ್ನೇ ಮುಂದಿಟ್ಟರು. 1950ರಲ್ಲಿ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದುದು 2010ರ ಏಪ್ರಿಲ್ 1ರಂದು. ಧಾರವಾಡದ ಅರ್ಜಿಗೂ ಅದಕ್ಕೂ ನಡುವೆ ನೂರೈವತ್ತಕ್ಕೂ ಹೆಚ್ಚು ವರ್ಷಗಳು!

ಇಷ್ಟಾದರೂ ಸರ್ಕಾರದ ನಿರ್ಣಯವು ಅವನನ್ನು 'ಮಹಾರ ಅರ್ಜಿದಾರ' ಎಂದಷ್ಟೇ ಕರೆಯುತ್ತದೆ. ಸಾವಿರದ ಮುನ್ನೂರು ವರ್ಷಗಳ ಹಿಂದಿನ ನರಸೊಬ್ಬನನ್ನು ನಾವು ಹೆಸರಿನಿಂದ ಬಲ್ಲೆವು. ಸರ್ಕಾರದ ದಫ್ತರವನ್ನೇ ಅಲುಗಾಡಿಸಿದ ಹುಡುಗನನ್ನು ಅವನ ಜಾತಿಯಿಂದ ಮಾತ್ರ ಬಲ್ಲೆವು. ಯಾರ ಹೆಸರನ್ನು ಯಾರು ಬರೆದಿಟ್ಟರು, ಯಾರದನ್ನು ಬರೆಯಲಿಲ್ಲ, ಏಕೆ? ಚರಿತ್ರೆಯ ವಿದ್ಯಾರ್ಥಿ ಕಲಿಯಬೇಕಾದ ಮೊದಲ ಪಾಠ ಇದು. ಇಸವಿಗಳನ್ನು ಬಾಯಿಪಾಠ ಮಾಡುವುದು ಆಮೇಲಿನ ಮಾತು.

ಇಂಥ ಕಹಿ ಸಂಗತಿಗಳನ್ನು ಎಳೆಯರಿಗೆ ಏಕೆ ಹೇಳಬೇಕು, ಜಾತಿಯ ಮಾತೆತ್ತಿದರೆ ಇಲ್ಲದ ಭೇದವನ್ನು ನಾವೇ ಕಲಿಸಿದಂತಾಗದೆ ಎಂದು ಕೆಲವು ಪಾಲಕರು ಕೇಳುವುದುಂಟು. ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಆ ಭೇದವನ್ನು ಮಕ್ಕಳು ಪುಸ್ತಕದಿಂದ ಕಲಿಯುವುದಿಲ್ಲ. ಓಣಿಯಲ್ಲಿ, ಹೋಟೆಲಿನ ಲೋಟದಲ್ಲಿ, ಹಿರಿಯರ ಪಿಸುಮಾತಿನಲ್ಲಿ ಕಲಿಯುತ್ತಾರೆ. ಪುಸ್ತಕ ಸುಮ್ಮನಿದ್ದರೆ ಓಣಿಯ ಪಾಠವೇ ಉಳಿಯುತ್ತದೆ. ಅಪಮಾನಕ್ಕೊಳಗಾದ ಮನೆಯ ಮಗುವಿಗಂತೂ ಪುಸ್ತಕದ ಮೌನ ಇನ್ನೊಂದು ಮುಚ್ಚಿದ ಬಾಗಿಲು.

ಹೇಳುವ ಕ್ರಮ ಮಾತ್ರ ಮುಖ್ಯ. ಒಳ್ಳೆಯ ಪುಸ್ತಕವು ಮಕ್ಕಳನ್ನು ಅಳಿಸಲು ಹೊರಡುವುದಿಲ್ಲ, ಯಾರನ್ನೂ ರಾಕ್ಷಸನಾಗಿಸುವುದೂ ಇಲ್ಲ. ಅರ್ಜಿಯ ಸಾರವನ್ನು ಕೊಟ್ಟು, ಸರ್ಕಾರದ ಭಯವನ್ನೂ ನಿಷ್ಪಕ್ಷಪಾತವಾಗಿ ವಿವರಿಸಿ, ನೀವು ಆ ಅಧಿಕಾರಿಯಾಗಿದ್ದರೆ ಏನು ಬರೆಯುತ್ತಿದ್ದಿರಿ ಎಂದು ಕೇಳುತ್ತದೆ. ಉಳಿದ ಮಕ್ಕಳು ಶಾಲೆ ಬಿಟ್ಟಾರು ಎಂಬ ಭಯ ಸುಳ್ಳೆಂದು ತಳ್ಳಿಹಾಕುವಂಥದಲ್ಲ. ಆದರೆ ಆ ಭಯದ ಬೆಲೆಯನ್ನು ತೆತ್ತವನು ಯಾರು? ಎಂಟನೆಯ ತರಗತಿಯ ವಿದ್ಯಾರ್ಥಿ ಇದನ್ನು ಖಂಡಿತ ಚರ್ಚಿಸಬಲ್ಲ.

ಶಿಷ್ಯರೇ, ನಿಮ್ಮಲ್ಲಿ ಅನೇಕರು ಇಂದು ಶಿಕ್ಷಕರಾಗಿದ್ದೀರಿ, ಕೆಲವರು ಬರೆಯುವವರೂ ಆಗಿದ್ದೀರಿ. ಧಾರವಾಡದ ಈ ಹುಡುಗನ ಕುರಿತು ಮೂವತ್ತು-ನಲವತ್ತು ಪುಟಗಳ ಒಂದು ಕಿರುಹೊತ್ತಿಗೆಯನ್ನು ಸರಳ ಕನ್ನಡದಲ್ಲಿ ನಿಮ್ಮಲ್ಲೊಬ್ಬರು ಬರೆಯಬೇಕೆಂಬುದು ನನ್ನ ಆಸೆ. ಅವನಿಗೆ ಕಲ್ಪಿತ ಹೆಸರನ್ನು ಮಾತ್ರ ಇಡಬೇಡಿರಿ. ಆ ಖಾಲಿ ಜಾಗವನ್ನು ಮಕ್ಕಳು ಕಾಣಲಿ. ಅದು ಏಕೆ ಖಾಲಿಯಾಗಿದೆ ಎಂದು ಅವರೇ ಕೇಳಲಿ.