ಬಂಗಾರದ ಲೆಕ್ಕ

ಮಿಶ್ರಣದ ಲೆಕ್ಕ ಎಂದರೆ ನನ್ನ ತರಗತಿಯ ಹೆಣ್ಣುಮಕ್ಕಳಿಗೆ ಅಷ್ಟಕ್ಕಷ್ಟೆ. ಹಾಲಿಗೆ ನೀರು ಬೆರೆಸುವವನ ಗೊಡವೆ ನಮಗೇಕೆ ಟೀಚರ್ ಎನ್ನುತ್ತಾರೆ. ತಾಯಂದಿರೂ ಅಷ್ಟೆ, "ನನಗಿದು ತಲೆಗೆ ಹತ್ತೋದಿಲ್ಲ, ನಿಮ್ಮಪ್ಪನ್ನ ಕೇಳು" ಎಂದು ಪುಸ್ತಕ ಸರಿಸಿಬಿಡುತ್ತಾರೆ. ಆದರೆ ನಮ್ಮ ಹಿರಿಯರು ಈ ಲೆಕ್ಕವನ್ನು ಕಲಿಸಿದ್ದು ನಾವು ದಿನವೂ ತೊಡುವ ಬಂಗಾರವನ್ನಿಟ್ಟುಕೊಂಡು.

ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಎಂಬ ಜೈನ ವಿದ್ವಾಂಸ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದ. ಅದರ ಮಿಶ್ರಕ ವ್ಯವಹಾರದ ಅಧ್ಯಾಯದಲ್ಲಿ ಬಡ್ಡಿಯ ಲೆಕ್ಕದ ಜೊತೆಗೆ ಚಿನ್ನ ಬೆರೆಸುವ ಲೆಕ್ಕವೂ ಇದೆ. 1150ರ ಸುಮಾರಿಗೆ ಭಾಸ್ಕರಾಚಾರ್ಯನೂ 'ಲೀಲಾವತಿ'ಯಲ್ಲಿ ಅದನ್ನು ಹೇಳಿದ. ಅಂದು ಚೊಕ್ಕ ಚಿನ್ನಕ್ಕೆ 16 ವರ್ಣ ಎನ್ನುತ್ತಿದ್ದರು, ಇಂದು 24 ಕ್ಯಾರೆಟ್ ಎನ್ನುತ್ತೇವೆ. ದಾರಿ ಮಾತ್ರ ಅದೇ.

ನಿಮ್ಮಲ್ಲಿ 22 ಕ್ಯಾರೆಟ್ಟಿನ 20 ಗ್ರಾಂ ಬಳೆಯೂ 16 ಕ್ಯಾರೆಟ್ಟಿನ 10 ಗ್ರಾಂ ಹಳೆಯ ಸರವೂ ಇವೆ ಎನ್ನಿ. ಎರಡನ್ನೂ ಕೂಡಿಸಿ ಕರಗಿಸಿದರೆ ಎಷ್ಟು ಕ್ಯಾರೆಟ್? ತೂಕವನ್ನು ಕ್ಯಾರೆಟ್ಟಿನಿಂದ ಗುಣಿಸಿ: 440 ಮತ್ತು 160, ಒಟ್ಟು 600. ಅದನ್ನು 30 ಗ್ರಾಮಿನಿಂದ ಭಾಗಿಸಿದರೆ 20 ಕ್ಯಾರೆಟ್. ತಿರುವಿ ಕೇಳಿದರೂ ಉತ್ತರವಿದೆ. 20 ಕ್ಯಾರೆಟ್ ಬೇಕಾದರೆ 16ಕ್ಕೂ 20ಕ್ಕೂ ಇರುವ ವ್ಯತ್ಯಾಸ 4, 20ಕ್ಕೂ 22ಕ್ಕೂ 2. ಆದ್ದರಿಂದ 22ರದು ನಾಲ್ಕು ಪಾಲು, 16ರದು ಎರಡು ಪಾಲು, ಅಂದರೆ ಎರಡಕ್ಕೆ ಒಂದು.

ನನಗೆ ಬಹಳ ಹಿಡಿಸಿದ್ದು ಲೀಲಾವತಿಯ ಇನ್ನೊಂದು ಮಾತು. ಪುಟಕ್ಕಿಟ್ಟಾಗ ಬೆರಕೆ ಹೋಗಿ ತೂಕ ಇಳಿದರೆ, ಆ 600ನ್ನು ಉಳಿದ ತೂಕದಿಂದ ಭಾಗಿಸಬೇಕು. 30 ಗ್ರಾಂ ಹೋಗಿ 25 ಆದರೆ ಅದು 24 ಕ್ಯಾರೆಟ್ಟಿನ ಅಪರಂಜಿ. ಬೆರಕೆ ಹೋಗಿ ತೂಕ ಇಳಿದಷ್ಟೂ ಕ್ಯಾರೆಟ್ ಏರಲೇಬೇಕು.

ನಮ್ಮ ಅತ್ತಿಗೆ ಓದಿದ್ದು ಏಳನೆಯ ತರಗತಿ. ಮಗಳ ಮದುವೆಗೆಂದು ಹಳೆಯ ಒಡವೆ ಬದಲಿಸಲು ಹೋದಾಗ 20 ಕ್ಯಾರೆಟ್ಟಿನ 30 ಗ್ರಾಂ ಕರಗಿಸಿ 28 ಗ್ರಾಂ ಎಂದರಂತೆ. "ಬೆರಕೆ ಸುಟ್ಟುಹೋಯ್ತಮ್ಮ" ಎಂಬ ಸಮಜಾಯಿಷಿ ಬೇರೆ. ಚೀಟಿಯಲ್ಲಿ ಮಾತ್ರ ಅದೇ 20 ಕ್ಯಾರೆಟ್! "ಬೆರಕೆ ಹೋಗಿದ್ರೆ ಉಳಿದದ್ದು ಮೊದಲಿಗಿಂತ ಚೊಕ್ಕ ಆಗ್ಬೇಕಲ್ಲಪ್ಪ?" ಎಂದು ಅತ್ತಿಗೆ ಕೇಳಿದರು. ಮತ್ತೆ ಪರೀಕ್ಷಿಸಿದಾಗ 21 ದಾಟಿತ್ತು. ಸುಮ್ಮನೆ ಬಂದಿದ್ದರೆ ಒಂದೂವರೆ ಗ್ರಾಮಿಗೂ ಮೀರಿದ ಅಪರಂಜಿ ಕೈಬಿಡುತ್ತಿತ್ತು.

ಲೀಲಾವತಿ ಭಾಸ್ಕರನ ಮಗಳೆಂಬ ಕಥೆ 1587ರ ಫೈಜಿಯ ಪಾರಸಿ ಅನುವಾದದಿಂದ ಹರಡಿತು. ಕಥೆ ಹೇಗೂ ಇರಲಿ, ಅಲ್ಲಿಯ ಹಲವು ಲೆಕ್ಕಗಳನ್ನು ಕೇಳಿರುವುದು ಒಬ್ಬ ಬಾಲೆಯನ್ನು ಕರೆದೇ. ಮಹಾವೀರಾಚಾರ್ಯನ ಗ್ರಂಥವನ್ನು 2000ದಲ್ಲಿ ಕನ್ನಡಕ್ಕೆ ತಂದವರೂ ಮಹಿಳೆಯೇ, ಗಣಿತದ ಪ್ರಾಧ್ಯಾಪಕಿ ಪದ್ಮಾವತಮ್ಮ. ಹೀಗಿರುವಾಗ ಈ ಲೆಕ್ಕ ನಮ್ಮದಲ್ಲ ಎನ್ನುವುದು ಹೇಗೆ? ಒಡವೆ ಬದಲಿಸುವಾಗ ಕರಗಿಸುವ ಮೊದಲೂ ಆಮೇಲೂ ತೂಕ, ಕ್ಯಾರೆಟ್ ಎರಡನ್ನೂ ಬರೆಸಿಕೊಳ್ಳಿ. ಅಲ್ಲಿಯೇ ಗುಣಿಸಿ ನೋಡಿ.