ಲಿಟಲ್ ರಾಕ್‌ನ ಮತದಾರರು: ಎಂಟು ತಿಂಗಳು, ಮೂರು ಮತದಾನ

ಊರು ಬಿಟ್ಟು ಬಂದ ನಮ್ಮಂಥವರಿಗೆ ಮಕ್ಕಳ ಶಾಲೆಯೇ ಮೊದಲ ಚಿಂತೆ. ವರ್ಗಾವಣೆಯ ಕಾಗದ ಕೈಗೆ ಬಂದೊಡನೆ ನಾವು ವಿಚಾರಿಸುವುದು ಹತ್ತಿರದಲ್ಲಿ ಯಾವ ಶಾಲೆಯಿದೆ, ನಡುವರ್ಷದಲ್ಲಿ ಸೇರಿಸಿಕೊಳ್ಳುತ್ತಾರೆಯೇ ಎಂದು. ಹೀಗಿರುವಾಗ ಒಂದು ಪಟ್ಟಣದ ಸರಕಾರಿ ಹೈಸ್ಕೂಲುಗಳಿಗೆಲ್ಲ ಇಡೀ ವರ್ಷ ಬೀಗ ಬಿದ್ದರೆ, ಅದಕ್ಕೆ ಮತದಾರರೇ ಒಪ್ಪಿಗೆಯ ಮುದ್ರೆ ಒತ್ತಿದರೆ, ಅದನ್ನು ಏನೆನ್ನೋಣ? ಅಮೆರಿಕದ ಅರ್ಕಾನ್ಸಾ ಸಂಸ್ಥಾನದ ರಾಜಧಾನಿ ಲಿಟಲ್ ರಾಕ್‌ನಲ್ಲಿ 1958-59ರಲ್ಲಿ ಹೀಗೇ ಆಯಿತು. ಆ ಬೀಗ ತೆಗೆಯಲು ದಾರಿ ಮಾಡಿಕೊಟ್ಟವರೂ ಅದೇ ಮತದಾರರು. ಆದ್ದರಿಂದ ಈ ಕಥೆ ತಿಳಿಯತಕ್ಕದ್ದು.

ನಮ್ಮಲ್ಲಿ ಶಾಲೆಗಳನ್ನು ಸರಕಾರವೋ ನಗರಸಭೆಯೋ ಖಾಸಗಿ ಸಂಸ್ಥೆಯೋ ನಡೆಸುತ್ತದೆ. ಅಮೆರಿಕದ ಪದ್ಧತಿ ಬೇರೆ. ಅಲ್ಲಿ ಶಾಲೆಗಳಿಗೆಂದೇ ಗಡಿ ಗುರುತಿಸಿದ ‘ಶಾಲಾ ಜಿಲ್ಲೆ’ ಇರುತ್ತದೆ. ಅದಕ್ಕೆ ಪ್ರತ್ಯೇಕ ತೆರಿಗೆ, ಸಾಮಾನ್ಯವಾಗಿ ಮತದಾರರೇ ಆರಿಸಿದ ಶಾಲಾ ಮಂಡಳಿ. ಲಿಟಲ್ ರಾಕ್ ಮಂಡಳಿಯಲ್ಲಿ ಆಗ ಆರು ಮಂದಿ ಸದಸ್ಯರಿದ್ದರು. ಆ ಕಾಲದಲ್ಲಿ ಅಲ್ಲಿ ಮತ ಹಾಕಬೇಕಾದರೆ ತಲೆಗಂದಾಯ ಕಟ್ಟಿ ರಸೀದಿ ಪಡೆದಿರಬೇಕಾಗಿತ್ತು. ಬಡವರಿಗೆ, ಅದರಲ್ಲೂ ಕರಿಯರಿಗೆ, ಇದೇ ಒಂದು ತಡೆ.

ಹಿನ್ನೆಲೆ ಅನೇಕರಿಗೆ ಗೊತ್ತಿದ್ದದ್ದೇ. ಕರಿಯರಿಗೂ ಬಿಳಿಯರಿಗೂ ಬೇರೆ ಬೇರೆ ಸರಕಾರಿ ಶಾಲೆಗಳನ್ನಿಡುವುದು ಸಂವಿಧಾನಕ್ಕೆ ವಿರುದ್ಧವೆಂದು 1954ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ತೀರ್ಪಿತ್ತಿತು. 1957ರ ಸೆಪ್ಟೆಂಬರಿನಲ್ಲಿ ಒಂಬತ್ತು ಮಂದಿ ಕರಿಯ ವಿದ್ಯಾರ್ಥಿಗಳು ಸೆಂಟ್ರಲ್ ಹೈಸ್ಕೂಲಿಗೆ ಹೊರಟಾಗ ಗವರ್ನರ್ ಆರ್ವಲ್ ಫಾಬಸ್ ಸಂಸ್ಥಾನದ ಸೈನಿಕರನ್ನು ಬಾಗಿಲಲ್ಲಿ ನಿಲ್ಲಿಸಿ ತಡೆದರು. ಕಡೆಗೆ ಅಧ್ಯಕ್ಷ ಐಸೆನ್‌ಹೋವರ್ ಕೇಂದ್ರದ ಸೈನ್ಯ ಕಳಿಸಿ ಮಕ್ಕಳನ್ನು ಒಳಗೆ ಸೇರಿಸಬೇಕಾಯಿತು. ಆ ವರ್ಷವೆಲ್ಲ ಆ ಮಕ್ಕಳು ನೂಕು, ಒದೆ, ಬೈಗುಳಗಳ ನಡುವೆಯೇ ಓದಿದರು. ಅವರಲ್ಲಿ ಅರ್ನೆಸ್ಟ್ ಗ್ರೀನ್ 1958ರ ಮೇ ತಿಂಗಳಲ್ಲಿ ಅಲ್ಲಿಂದ ಉತ್ತೀರ್ಣನಾದ ಮೊದಲ ಕರಿಯ ವಿದ್ಯಾರ್ಥಿಯಾದ.

ಮತದಾನದ ಕಥೆ ಆರಂಭವಾಗುವುದು ಅಲ್ಲಿಂದ ಮುಂದೆ. 1958ರ ಸೆಪ್ಟೆಂಬರ್ 12ರಂದು ಸುಪ್ರೀಂ ಕೋರ್ಟು, ಗಲಭೆಯ ನೆಪದಿಂದ ಮಕ್ಕಳ ಹಕ್ಕನ್ನು ಮುಂದೂಡಲಾಗದು ಎಂದು ಒಕ್ಕೊರಲಿನಿಂದ ಹೇಳಿತು. ಅದೇ ದಿನ ಫಾಬಸ್ ಶಾಲೆ ಮುಚ್ಚುವ ಅಧಿಕಾರ ಕೊಡುವ ಕಾಯಿದೆಗೆ ಸಹಿ ಹಾಕಿದರು. ಸೆಂಟ್ರಲ್, ಹಾಲ್, ಟೆಕ್ನಿಕಲ್ ಮತ್ತು ಕರಿಯರ ಹೊರೇಸ್ ಮ್ಯಾನ್ ಎಂಬ ನಾಲ್ಕು ಹೈಸ್ಕೂಲುಗಳು ಬಾಗಿಲು ಹಾಕಿದವು. ಅದೇ ಕಾಯಿದೆಯಂತೆ ಮತದಾರರ ಅಭಿಪ್ರಾಯ ಕೇಳಬೇಕಾಗಿತ್ತು.

ಮೊದಲ ಮತದಾನ ಸೆಪ್ಟೆಂಬರ್ 27ರಂದು. ಜಿಲ್ಲೆಯ ಎಲ್ಲ ಶಾಲೆಗಳಲ್ಲೂ ಎರಡು ವರ್ಣದವರನ್ನು ಒಟ್ಟುಗೂಡಿಸಲು ನಿಮ್ಮ ಸಮ್ಮತಿಯಿದೆಯೇ, ಇಲ್ಲವೇ? ಇಷ್ಟೇ ಪ್ರಶ್ನೆ. ನಿಧಾನವಾಗಿ, ಕೆಲವರನ್ನೇ ಸೇರಿಸುತ್ತ ಹೋಗೋಣ ಎನ್ನುವವನಿಗೆ ಚೀಟಿಯಲ್ಲಿ ಜಾಗವಿರಲಿಲ್ಲ. ಮುಚ್ಚಿದ ಶಾಲೆಯನ್ನು ತೆರೆಯೋಣವೇ ಎಂದು ಕೇಳಿರಲೂ ಇಲ್ಲ. ಸಮ್ಮತಿಯೆಂದವರು 7,561, ಇಲ್ಲವೆಂದವರು 19,470. ಅಂದರೆ ನೂರಕ್ಕೆ 72 ಮಂದಿ ವಿರುದ್ಧ. ಬೀಗ ಹಾಗೆಯೇ ಉಳಿಯಿತು.

ಆ ವರ್ಷಕ್ಕೆ ಅಲ್ಲಿಯವರು ‘ಕಳೆದುಹೋದ ವರ್ಷ’ ಎಂದೇ ಹೆಸರಿಟ್ಟಿದ್ದಾರೆ. ಬೀದಿಗೆ ಬಿದ್ದವರು 3,665 ಮಂದಿ ವಿದ್ಯಾರ್ಥಿಗಳು. ಹಣವಿದ್ದವರು ಮಕ್ಕಳನ್ನು ಬೇರೆ ಊರಿಗೆ, ನೆಂಟರ ಮನೆಗೆ ಕಳಿಸಿದರು. ಬಿಳಿಯರಿಗೆಂದು ಒಂದು ಖಾಸಗಿ ಹೈಸ್ಕೂಲೂ ತೆರೆಯಿತು. ಕರಿಯರ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಯಾವ ಶಾಲೆಯೂ ದೊರೆಯಲಿಲ್ಲ. ಉಪಾಧ್ಯಾಯರು ಮಾತ್ರ ಕರಾರಿನಂತೆ ದಿನವೂ ಬಂದು ಖಾಲಿ ಬೆಂಚುಗಳ ಮುಂದೆ ಕುಳಿತು ಹೋಗುತ್ತಿದ್ದರು. ವಿಚಿತ್ರವೆಂದರೆ, ಪಾಠ ನಿಂತರೂ ಶಾಲೆಗಳ ಫುಟ್‌ಬಾಲ್ ಪಂದ್ಯಗಳು ನಿಲ್ಲಲಿಲ್ಲ!

ಈ ಮೌನವನ್ನು ಮೊದಲು ಮುರಿದವರು ಹೆಂಗಸರು. ಶಾಲೆ ಮುಚ್ಚಿದ ಮರುದಿನ, ಸೆಪ್ಟೆಂಬರ್ 16ರಂದು, 75 ವರ್ಷದ ಅಡಾಲ್ಫೀನ್ ಫ್ಲೆಚರ್ ಟೆರಿ ಎಂಬಾಕೆಯ ಮನೆಯಲ್ಲಿ ಸಭೆ ಸೇರಿ, ಶಾಲೆಗಳನ್ನು ತೆರೆಸಲೆಂದು ತುರ್ತು ಸಮಿತಿಯೊಂದನ್ನು ಕಟ್ಟಿದರು. ವಿವಿಯನ್ ಬ್ರೂವರ್ ಅಧ್ಯಕ್ಷೆ. ಬಿಳಿಯ ಮತದಾರರು ಹೆದರಿ ದೂರ ಸರಿದಾರೆಂದು ಬಿಳಿಯ ಹೆಂಗಸರನ್ನಷ್ಟೇ ಸದಸ್ಯರನ್ನಾಗಿ ಸೇರಿಸಿಕೊಂಡರು. ಅದು ಆ ಸಮಿತಿಯ ಮಿತಿಯೆಂದೇ ಹೇಳಬೇಕು. ಗಂಡಂದಿರ ವ್ಯಾಪಾರಕ್ಕೆ, ನೌಕರಿಗೆ ಕುತ್ತು ಬರುವ ಸಂಭವವಿದ್ದುದರಿಂದ ಸದಸ್ಯೆಯರ ಪಟ್ಟಿಯನ್ನು ಗುಟ್ಟಾಗಿಟ್ಟರು. ಮೊದಲ ಮತದಾನದಲ್ಲಿ ಸೋತರೂ ಕೈಚೆಲ್ಲಲಿಲ್ಲ. ಮತದಾರರ ಪಟ್ಟಿ ಹಿಡಿದು ಒಂದೊಂದು ಹೆಸರನ್ನೂ ಪರಿಶೀಲಿಸಿದರು. ನಮ್ಮವರು ಯಾರು, ಎಂದಿಗೂ ನಮ್ಮವರಾಗದವರು ಯಾರು, ಹೇಳಿದರೆ ಒಪ್ಪುವವರು ಯಾರು ಎಂದು ವಿಂಗಡಿಸಿದರು. ಗುಮಾಸ್ತೆಯ ಕೆಲಸ ಮಾಡುವ ನಮಗೆ ಈ ಪಟ್ಟಿಯ ದುಡಿಮೆಯ ಬೆಲೆ ಚೆನ್ನಾಗಿ ಅರ್ಥವಾಗುತ್ತದೆ.

ನವೆಂಬರಿನಲ್ಲಿ ಮಂಡಳಿಯ ಆರರಲ್ಲಿ ಐವರು ಬೇಸತ್ತು ರಾಜೀನಾಮೆಯಿತ್ತರು; ಆರನೆಯವರಾದ ಡೇಲ್ ಆಲ್ಫರ್ಡ್ ಕಾಂಗ್ರೆಸಿಗೆ ಚುನಾಯಿತರಾಗಿ ಹೋದರು. ಆದ್ದರಿಂದ ಡಿಸೆಂಬರ್ 6ರಂದು ಎರಡನೆಯ ಮತದಾನ. ಮತದಾರರು ಮೂವರು ಸೌಮ್ಯವಾದಿಗಳನ್ನೂ ಮೂವರು ಪ್ರತ್ಯೇಕತಾವಾದಿಗಳನ್ನೂ ಆರಿಸಿ ತಕ್ಕಡಿಯನ್ನು ಸಮನಾಗಿ ನಿಲ್ಲಿಸಿದರು. ಪರಿಣಾಮ: ಮಂಡಳಿ ಅತ್ತಲೂ ಸಾಗದು, ಇತ್ತಲೂ ಸಾಗದು.

1959ರ ಮೇ 5ರ ಸಭೆಯಲ್ಲಿ ಉಪಾಧ್ಯಾಯರ ಮುಂದಿನ ವರ್ಷದ ಕರಾರಿನ ಪ್ರಶ್ನೆ ಬಂದಿತು. ಜಗಳ ಬಗೆಹರಿಯದೆ ಮೂವರು ಸೌಮ್ಯವಾದಿಗಳು ಕೋರಂ ಮುರಿಯಲೆಂದು ಎದ್ದು ಹೊರನಡೆದರು. ಸಂಘಗಳ ವಾರ್ಷಿಕ ಸಭೆಗಳನ್ನು ಕಂಡ ನಮ್ಮ ಓದುಗರಿಗೆ ಕೋರಂ ಏನೆಂಬುದನ್ನು ವಿವರಿಸಬೇಕಾಗಿಲ್ಲ. ಉಳಿದ ಮೂವರು ತಾವಿದ್ದರೆ ಸಾಕೆಂದು ಸಭೆ ಮುಂದುವರಿಸಿ, ವರ್ಣಸಮಾವೇಶಕ್ಕೆ ಅನುಕೂಲರೆಂಬ ಗುಮಾನಿಯ ಮೇಲೆ 44 ಮಂದಿಯನ್ನು ಕೆಲಸದಿಂದ ತೆಗೆದುಹಾಕಿದರು. ಸೆಂಟ್ರಲ್ ಹೈಸ್ಕೂಲಿನ ಪ್ರಿನ್ಸಿಪಾಲರೂ ಅವರಲ್ಲೊಬ್ಬರು.

ಇಲ್ಲಿ ಊರು ಎಚ್ಚೆತ್ತಿತು. ತಮ್ಮ ಮಕ್ಕಳಿಗೆ, ಕೆಲವೆಡೆ ತಮಗೇ ಪಾಠ ಹೇಳಿದ ಗುರುಗಳನ್ನು ವಿಚಾರಣೆಯಿಲ್ಲದೆ ಹೊರದೂಡಿದ್ದು ಅನೇಕರಿಗೆ ಸಹನೆಯಾಗಲಿಲ್ಲ. ಅಲ್ಲಿಯವರೆಗೆ ಸುಮ್ಮನಿದ್ದ ವ್ಯಾಪಾರಿಗಳೂ ವಕೀಲರೂ ಸೇರಿ ‘ಸ್ಟಾಪ್’ ಎಂಬ ಸಂಘಟನೆ ಹುಟ್ಟುಹಾಕಿದರು. ಹೆಂಗಸರ ಪಟ್ಟಿಗಳು ಅವರ ಕೈಗೆ ಬಂದವು. ಎದುರುಪಕ್ಷದವರು ‘ಕ್ರಾಸ್’ ಎಂಬ ಸಂಘಟನೆ ಕಟ್ಟಿದರು. ಇಬ್ಬರೂ ಒಬ್ಬರ ಸದಸ್ಯರನ್ನು ಇನ್ನೊಬ್ಬರು ವಾಪಸು ಕರೆಸಲು ಅರ್ಜಿ ಹಾಕಿದ್ದರಿಂದ ಮಂಡಳಿಯ ಆರೂ ಮಂದಿಯ ಭವಿಷ್ಯ ಮತದಾರರ ಮುಂದೆ ಬಂದಿತು.

ಮೂರನೆಯ ಮತದಾನ ಮೇ 25ರಂದು. ಮೂವರು ಪ್ರತ್ಯೇಕತಾವಾದಿಗಳು ಸ್ಥಾನ ಕಳೆದುಕೊಂಡರು. ಮೂವರು ಸೌಮ್ಯವಾದಿಗಳು ಉಳಿದರು. ಆದರೆ ಅಂತರ ಬಲು ಕಡಿಮೆ. ದುಡಿಯುವ ಬಿಳಿಯರ ವಾರ್ಡುಗಳು ಬಹುವಾಗಿ ಪ್ರತ್ಯೇಕತಾವಾದಿಗಳ ಕಡೆಗೇ ನಿಂತವು. ಗೆಲುವನ್ನು ತಂದುಕೊಟ್ಟದ್ದು ಊರಿನ ಎರಡು ತುದಿಗಳು: ಅನುಕೂಲಸ್ಥ ಬಿಳಿಯರ ಬಡಾವಣೆಗಳು ಮತ್ತು ಕರಿಯರ ವಾರ್ಡುಗಳು. ಕರಿಯರ ಮತವಿಲ್ಲದಿದ್ದರೆ ಫಲಿತಾಂಶ ತಿರುಗುಮುರುಗಾಗುತ್ತಿತ್ತು.

ಹಾಗಾದರೆ ಎಂಟು ತಿಂಗಳಲ್ಲಿ ಊರಿನ ಮನಸ್ಸು ಬದಲಾಯಿತೇ? ಹಾಗೆಂದು ಹೇಳಲಾಗದು. ಫಾಬಸ್ 1960ರಲ್ಲಿ ಮತ್ತೆ ಗೆದ್ದು, 1967ರ ಆರಂಭದವರೆಗೂ ಗವರ್ನರ್ ಆಗಿದ್ದರು. ಬದಲಾದದ್ದು ಪ್ರಶ್ನೆ. ಸೆಪ್ಟೆಂಬರಿನಲ್ಲಿ ವರ್ಣದ ಬಗ್ಗೆ ಕೇಳಿದರು, ವರ್ಣದ ಉತ್ತರ ಬಂತು. ಮೇ ತಿಂಗಳಲ್ಲಿ ಗುರುಗಳಿಗೆ ಅನ್ಯಾಯವಾಯಿತೇ, ಶಾಲೆ ಬೇಕೇ ಎಂಬ ಪ್ರಶ್ನೆಯೂ ಎದ್ದಿತು. ಅಂಚಿನಲ್ಲಿದ್ದ ಕೆಲವು ಮಂದಿ ಆಗ ಈಚೆ ಬಂದರು. ಅಷ್ಟೇ ಸಾಕಾಯಿತು.

ಜೂನ್ 18ರಂದು ನ್ಯಾಯಾಲಯ ಶಾಲೆ ಮುಚ್ಚುವ ಕಾಯಿದೆಯನ್ನು ರದ್ದುಪಡಿಸಿತು. ಹೊಸ ಮಂಡಳಿ ತೆಗೆದುಹಾಕಿದ್ದವರಲ್ಲಿ ಬಹುಮಂದಿಯನ್ನು ಮರಳಿ ಕರೆಯಿತು. 1959ರ ಆಗಸ್ಟ್ 12ರಂದು ಶಾಲೆಗಳು ತೆರೆದವು. ಗುಂಪು ಈ ಸಲವೂ ಸೆಂಟ್ರಲ್ ಕಡೆಗೆ ನುಗ್ಗಿತು. ಆದರೆ ಅದನ್ನು ತಡೆದದ್ದು ಕೇಂದ್ರದ ಸೈನ್ಯವಲ್ಲ, ಊರಿನದೇ ಪೊಲೀಸರು. ಒಳಗೆ ಹೋದ ಕರಿಯ ಮಕ್ಕಳು ಬೆರಳೆಣಿಕೆಯಷ್ಟು. ಪೂರ್ಣ ಸಮಾವೇಶಕ್ಕೆ ಮತ್ತೆ ಹತ್ತು ವರ್ಷಕ್ಕೂ ಮಿಕ್ಕಿ ಹಿಡಿಯಿತು.

ಗುಟ್ಟಾಗಿದ್ದ ಆ ಸದಸ್ಯೆಯರ ಹೆಸರುಗಳನ್ನು 1998ರಲ್ಲಿ ಟೆರಿಯವರ ಮನೆಯ ಕಿಟಕಿಯ ಗಾಜಿನ ಮೇಲೆ ಕೆತ್ತಿದರು. ಕಳೆದುಹೋದ ವರ್ಷವನ್ನು ಮಾತ್ರ ಆ ಮಕ್ಕಳಿಗೆ ಯಾರೂ ಹಿಂದಕ್ಕೆ ಕೊಡಲಾಗಲಿಲ್ಲ. ಶಾಲೆಯ ವಿಷಯದಲ್ಲಿ ಮತ ಹಾಕುವವರು ದೊಡ್ಡವರು, ಫಲ ಉಣ್ಣುವವರು ಮಕ್ಕಳು. ಸಮಿತಿಯ ಕೋಣೆಯಲ್ಲಾಗಲಿ ಮತಗಟ್ಟೆಯಲ್ಲಾಗಲಿ ಕೈ ಎತ್ತುವ ಮುನ್ನ ನಾವು ಇಷ್ಟನ್ನು ನೆನೆದರೆ ಸಾಕು.