ಹೆಚ್ಚಾಗಿದ್ದು ಕಾಯಿಲೆಯಿಂದಲೋ, ಮಾತ್ರೆಯಿಂದಲೋ?

ಸ್ಕಿಜೋಫ್ರೀನಿಯಾ ಅಂದಕೂಡಲೇ "ಮೆದುಳಲ್ಲಿ ಕೆಮಿಕಲ್ ಏರುಪೇರು" ಅಂದುಬಿಡುತ್ತೇವೆ. ಆ ಮಾತಿನ ಹಿಂದೆ ಒಂದು ಸ್ವಾರಸ್ಯದ ಕಥೆಯಿದೆ.

1952ರಲ್ಲಿ ಪ್ಯಾರಿಸ್ಸಿನ ಸೇಂಟ್ ಆನ್ ಆಸ್ಪತ್ರೆಯಲ್ಲಿ ದಿಲೇ ಮತ್ತು ದೆನಿಕೇರ್ ಎಂಬ ವೈದ್ಯರು ಕ್ಲೋರ್‌ಪ್ರೊಮಜಿನ್ ಕೊಟ್ಟು ನೋಡಿದರು. ರೋಗಿಗಳು ಶಾಂತರಾದರು, ಭ್ರಮೆಗಳೂ ತಗ್ಗಿದವು. ಯಾಕೆ ಅಂತ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಸುಳಿವು ಸಿಕ್ಕಿದ್ದು ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್‌ಗೆ. ನಮ್ಮ ಸರ್ಪಗಂಧದ ಬೇರಿನಿಂದ ತೆಗೆಯುವ ರಿಸರ್ಪಿನ್ ಇದೆಯಲ್ಲ, 1957ರಲ್ಲಿ ಅದನ್ನು ಕೊಟ್ಟಾಗ ಮೊಲಗಳು ಮಂಕಾಗಿ ಬಿದ್ದುಕೊಂಡವು. ಮೆದುಳಲ್ಲಿ ಡೋಪಮಿನ್ ಆಗಿ ಬದಲಾಗುವ ಎಲ್-ಡೋಪಾ ಕೊಟ್ಟದ್ದೇ ತಡ, ಎದ್ದು ಓಡಾಡಿದವು! 1963ರಲ್ಲಿ ಅವರೇ ಇನ್ನೊಂದು ಊಹೆ ಮುಂದಿಟ್ಟರು: ಹುಚ್ಚಿಗೆ ಕೊಡುವ ಔಷಧಿಗಳು ಡೋಪಮಿನ್‌ನಂಥ ರಾಸಾಯನಿಕಗಳು ಬಂದು ಕೂರುವ ರಿಸೆಪ್ಟರುಗಳನ್ನೇ, ಅಂದರೆ ಗ್ರಾಹಕಗಳನ್ನೇ, ಮುಚ್ಚುತ್ತಿರಬೇಕು. 1975-76ರಲ್ಲಿ ಟೊರಾಂಟೋದ ಸೀಮನ್, ಬಾಲ್ಟಿಮೋರಿನ ಸ್ನೈಡರ್ ತಂಡಗಳು ಇದಕ್ಕೆ ಪುರಾವೆ ಕೊಟ್ಟವು. ಗ್ರಾಹಕಕ್ಕೆ ಬಿಗಿಯಾಗಿ ಅಂಟುವ ಔಷಧಿ ಚೂರೇ ಚೂರು ಸಾಕು, ಸಡಿಲವಾಗಿ ಅಂಟುವುದು ಹೆಚ್ಚು ಬೇಕು. ಆ ಗ್ರಾಹಕಕ್ಕೆ ಡಿ2 ಎಂದು ಹೆಸರಾಯಿತು.

ಹಾಗಾದರೆ ರೋಗಿಗಳ ಮೆದುಳಲ್ಲಿ ಡಿ2 ಹೆಚ್ಚಿರುತ್ತದೆಯೇ? 1978ರಲ್ಲಿ ಲಂಡನ್ನಿನ ಕ್ರೋ ಮತ್ತು ಸಂಗಡಿಗರು ತೀರಿಕೊಂಡವರ ಮೆದುಳು ಪರೀಕ್ಷಿಸಿ ಹೌದು ಎಂದರು. ಕಾರಣ ಸಿಕ್ಕೇಬಿಟ್ಟಿತು ಅನ್ನಿಸಿತ್ತು.

ತೊಡಕು ಇರುವುದೇ ಇಲ್ಲಿ ನೋಡಿ. ಹೆಚ್ಚಿನ ರೋಗಿಗಳು ವರ್ಷಗಟ್ಟಲೆ ಮಾತ್ರೆ ನುಂಗಿದವರು. ಇಲಿಗಳಿಗೆ ಅದೇ ಬಗೆಯ ಔಷಧಿಯನ್ನು ವಾರಗಟ್ಟಲೆ ಕೊಟ್ಟರೂ ಗ್ರಾಹಕಗಳು ಹೆಚ್ಚುತ್ತವೆ ಎಂದು ಸ್ನೈಡರ್ ತಂಡವೇ 1977ರಲ್ಲಿ ತೋರಿಸಿತ್ತು. ಇಲಿಗೆಲ್ಲಿಯ ಸ್ಕಿಜೋಫ್ರೀನಿಯಾ? ಬಾಗಿಲು ಮುಚ್ಚಿದರೆ ಕೋಶ ಇನ್ನಷ್ಟು ಬಾಗಿಲು ಇಟ್ಟುಕೊಳ್ಳುತ್ತದೆ, ಅಷ್ಟೇ.

ಉತ್ತರ ಬೇಕಿದ್ದರೆ ಮಾತ್ರೆಯನ್ನೇ ಮುಟ್ಟದ ರೋಗಿಗಳನ್ನು ನೋಡಬೇಕು. ಪೆಟ್ ಸ್ಕ್ಯಾನ್ ಬಂದ ಮೇಲೆ ಅದೂ ಸಾಧ್ಯವಾಯಿತು. 1986ರಲ್ಲಿ ಬಾಲ್ಟಿಮೋರಿನ ವಾಂಗ್ ಮತ್ತು ಸಂಗಡಿಗರು ಅಂಥವರಲ್ಲೂ ಡಿ2 ಹೆಚ್ಚಿದೆ ಎಂದರು. 1990ರಲ್ಲಿ ಸ್ಟಾಕ್‌ಹೋಮಿನ ಫಾರ್ಡೆ ಬೇರೆ ರಾಸಾಯನಿಕ ಬಳಸಿ ನೋಡಿ, ವ್ಯತ್ಯಾಸವೇ ಇಲ್ಲ ಎಂದರು. ವರ್ಷಗಟ್ಟಲೆ ಜಗಳ! 2012ರಲ್ಲಿ ಎಲ್ಲ ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಔಷಧಿ ಕಾಣದವರಲ್ಲಿ ಡಿ2 ಹೆಚ್ಚಳ ಕಾಣಲಿಲ್ಲ. ಏರುಪೇರು ಕಂಡದ್ದು ಈಚೆ ದಡದಲ್ಲಿ, ಡೋಪಮಿನ್ ತಯಾರಿಸಿ ಬಿಡುವ ಕೋಶದಲ್ಲಿ.

ಇದರರ್ಥ ಮಾತ್ರೆ ಕೆಟ್ಟದ್ದು ಅಂತಲ್ಲ. ಅದರಿಂದಲೇ ಆಸ್ಪತ್ರೆ ಬಿಟ್ಟು ಮನೆಗೆ ಬಂದವರು ಎಷ್ಟೋ ಜನ. ಮಾತ್ರೆಗೆ ಒಗ್ಗಿದ ಮೆದುಳಿದು, ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸುವುದು ಅಪಾಯ. ಆದರೆ ರೋಗದ ಗುರುತು ಅಂದುಕೊಂಡದ್ದು ಚಿಕಿತ್ಸೆಯ ಗುರುತೂ ಆಗಿರಬಹುದು ಎಂಬ ಎಚ್ಚರ ಬೇಕು. "ಇವರ ಮೆದುಳೇ ಹಾಗೆ" ಎಂದು ತೀರ್ಪು ಕೊಡುವವರಿಗಂತೂ ಬೇಕೇ ಬೇಕು.

2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಹೊಸ ಔಷಧಿಯೊಂದು ಡಿ2ವನ್ನು ಮುಟ್ಟುವುದೇ ಇಲ್ಲ, ಮಸ್ಕರಿನಿಕ್ ಎಂಬ ಬೇರೆಯೇ ಗ್ರಾಹಕದ ಮೇಲೆ ಕೆಲಸ ಮಾಡುತ್ತದೆ. ಕಥೆ ಇನ್ನೂ ಮುಗಿದಿಲ್ಲ. ನಿಮಗೇನನ್ನಿಸಿತು, ತಿಳಿಸಿ.